ಡೆಂಗಿ ಪಾಸಿಟಿವ್ ಬಂದರೆ ಆಶಾ ಅಕ್ಕನಿಗೂ ಒಂದು ಮಾತು ಹೇಳಿ

ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ಮಂಗಳೂರಿನಲ್ಲಿ ಇನ್ನು ಡೆಂಗಿ, ಮಲೇರಿಯಾ ಕಾಲ ಅಲ್ವಾ? ಮನೆಯಲ್ಲಿ ಯಾರಿಗಾದರೂ ಪಾಸಿಟಿವ್ ಬಂದರೆ ಸುಮ್ನೆ ಮದ್ದು ತಗೊಂಡು ಮಲಗಬೇಡಿ. ನಿಮ್ಮ ಕಡೆಯ ಆಶಾ ಕಾರ್ಯಕರ್ತೆಗೆ ಅಥವಾ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಯಾರ ನಂಬರೂ ಇಲ್ಲದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ.

ಆಸ್ಪತ್ರೆಯವರೇ ತಿಳಿಸುತ್ತಾರಲ್ಲ ಅನ್ನಬಹುದು. ತಿಳಿಸಬೇಕು, ನಿಜ. ಆದರೆ ಕಳೆದ ವರ್ಷ ಮಗನಿಗೆ ಡೆಂಗಿ ಬಂದಾಗ ನಾನು ಆಧಾರ್ ನೋಡಿ ಹಳೇ ಬಾಡಿಗೆ ಮನೆಯ ವಿಳಾಸ ಬರೆಸಿಬಿಟ್ಟಿದ್ದೆ. ಪಾಪ, ಇಲಾಖೆಯವರು ಅಲ್ಲಿಗೆ ಹೋಗಿ ಹುಡುಕಿದ್ದಾರೆ ಮಾರಾಯ್ರೇ! ಹಾಗಾಗಿ ಈಗ ಇರುವ ಮನೆ, ಜ್ವರ ಶುರುವಾದ ದಿನ, ಎರಡು ವಾರದಲ್ಲಿ ಹೋಗಿಬಂದ ಊರು ಇಷ್ಟನ್ನು ಸರಿಯಾಗಿ ಹೇಳಿ. ರಿಪೋರ್ಟಿನ ಫೋಟೋ ಮೊಬೈಲಿನಲ್ಲಿರಲಿ.

ಆಮೇಲೆ ನಮ್ಮ ಮನೆಗೂ ಬಂದರು. ಕಟ್ಟಿಗೆಗೆ ಮುಚ್ಚಿದ್ದ ಟಾರ್ಪಾಲಿನ ಮಡಿಕೆಗೆ ಟಾರ್ಚ್ ಬಿಟ್ಟರೆ, ಒಂದು ಲೋಟದಷ್ಟು ನೀರಿನಲ್ಲಿ ಸೊಳ್ಳೆಯ ಮರಿಹುಳ ಪುಳಪುಳ! ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕಂತೆ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಅದನ್ನೂ ಅವರಿಗೆ ತೋರಿಸಿ.