ತೆಗೆದು ಹಾಕುವ ಪ್ಲೇಟು: ಯಾರಿಗೆ ಕೊಡುತ್ತೇನೆ, ಯಾರಿಗೆ ಕೊಡುವುದಿಲ್ಲ

ನನ್ನ ದಂತ ಕ್ಲಿನಿಕ್ಕು ಇರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ಬರುವವರಲ್ಲಿ ಕನ್ನಡದವರು, ತುಳುವಿನವರು ಜಾಸ್ತಿ. ಮಕ್ಕಳ ವಕ್ರ ಹಲ್ಲು ತೋರಿಸಲು ಬಂದ ತಾಯಂದಿರು ಕೂತ ತಕ್ಷಣ ಹೇಳುತ್ತಾರೆ: "ಡಾಕ್ಟ್ರೇ, ತಂತಿ ಬೇಡ. ತೆಗೆದು ಹಾಕೋ ಕ್ಲಿಪ್ ಇರುತ್ತಲ್ಲ, ಅದನ್ನೇ ಕೊಡಿ." ಖರ್ಚು ಕಡಿಮೆ, ತೆಗೆದು ತೊಳೆಯಬಹುದು, ಹಲ್ಲುಜ್ಜಲು ಕಷ್ಟ ಇಲ್ಲ. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆ ಕ್ಲಿಪ್ಪಿಗೆ ನಾವು ಪ್ಲೇಟು ಅನ್ನುತ್ತೇವೆ: ಅಂಗುಳಕ್ಕೆ ಅಂಟಿ ಕೂರುವ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ತುಂಡು, ಅದರಲ್ಲಿ ತಂತಿಯ ಕೊಕ್ಕೆ, ಸ್ಪ್ರಿಂಗು. ಆದರೆ ಈ ಪ್ಲೇಟಿನ ಸ್ಪ್ರಿಂಗು ಮಾಡುವುದು ಮುಖ್ಯವಾಗಿ ಒಂದೇ ಕೆಲಸ. ಹಲ್ಲನ್ನು ವಾಲಿಸುತ್ತದೆ, ಅಷ್ಟೇ.

ಹಸಿ ಮಣ್ಣಲ್ಲಿ ಹುಗಿದ ಗೂಟದ ತಲೆಯನ್ನು ತಳ್ಳಿ ನೋಡಿ. ತಲೆ ಮುಂದೆ ಹೋಗುತ್ತದೆ, ಒಳಗಿನ ತುದಿ ಸ್ವಲ್ಪ ಹಿಂದೆ ಸರಿಯುತ್ತದೆ. ಹಲ್ಲಿಗೂ ಹಾಗೇ ಆಗುತ್ತದೆ, ಯಾಕೆಂದರೆ ಸ್ಪ್ರಿಂಗು ಅದನ್ನು ಒಂದೇ ಜಾಗದಲ್ಲಿ ಮುಟ್ಟುತ್ತದೆ. ಬೇರು ಸಮೇತ ಸರಿಯಬೇಕಾದರೆ, ತಿರುಚಿದ ಹಲ್ಲು ನೇರವಾಗಬೇಕಾದರೆ, ಅದನ್ನು ಹಿಡಿದುಕೊಳ್ಳುವ ಬ್ರಾಕೆಟ್ ಬೇಕು, ಅಂದರೆ ತಂತಿ ಕೂರಿಸಲು ಹಲ್ಲಿಗೇ ಅಂಟಿಸುವ ಸಣ್ಣ ತುಂಡು.

ಪ್ಲೇಟು ಚೆನ್ನಾಗಿ ಒಪ್ಪಿದ ಒಂದು ಬಾಯಿ ನನಗೆ ಈಗಲೂ ನೆನಪಿದೆ. ಹುಡುಗನಿಗೆ 9 ವರ್ಷ. ತಂದೆಗೆ ಠಾಣೆಯ ಹೋಟೆಲೊಂದರಲ್ಲಿ ಕೆಲಸ. ಮಗನ ಮೇಲಿನ ಮುಂದಿನ ಹಲ್ಲೊಂದು ಕೆಳಗಿನ ಹಲ್ಲಿನ ಹಿಂದೆ ಸಿಕ್ಕಿಕೊಂಡಿತ್ತು. ನಾವು ಇದಕ್ಕೆ ಕ್ರಾಸ್‌ಬೈಟ್ ಅನ್ನುತ್ತೇವೆ. ಕಚ್ಚಿದಾಗಲೆಲ್ಲ ಪೆಟ್ಟು ಬಿದ್ದು ಕೆಳಗಿನ ಹಲ್ಲಿನ ವಸಡು ಇಳಿಯಲು ಶುರುವಾಗಿತ್ತು. ಕಾಯುತ್ತಾ ಕೂರುವ ಹಾಗಿರಲಿಲ್ಲ. ಮೊದಲು ಎರಡು ವಿಷಯ ನೋಡಿಕೊಂಡೆ. ಹಲ್ಲು ಮುಂದೆ ಬರಲು ಜಾಗ ಇದೆಯಾ? ಬಂದ ಮೇಲೆ ಕೆಳಗಿನ ಹಲ್ಲಿನ ಮೇಲೆ ಸಾಕಷ್ಟು ಹೊದ್ದುಕೊಳ್ಳುತ್ತದಾ? ಎರಡೂ ಇತ್ತು.

ಅಳತೆ ತೆಗೆದು ಅಚ್ಚು ಮಾಡಿದೆ. ತಂತಿ ಬಗ್ಗಿಸುವ ಕೆಲಸ ನಾನೇ ಮಾಡುತ್ತೇನೆ, ಲ್ಯಾಬಿಗೆ ಬಿಡುವುದಿಲ್ಲ. ಪ್ಲೇಟು ಬಾಯಲ್ಲಿ ನಿಲ್ಲುವುದು ಆಡಮ್ಸ್ ಕ್ಲಾಸ್ಪ್ ಅನ್ನುವ ಕೊಕ್ಕೆಯಿಂದ. 0.7 ಮಿಲಿಮೀಟರ್ ಸ್ಟೀಲ್ ತಂತಿ, ಅದರಲ್ಲಿ ಬಾಣದ ತಲೆಯಂಥ ಎರಡು ಮಡಿಕೆ. ಅವು ದವಡೆ ಹಲ್ಲಿನ ಎರಡೂ ಮೂಲೆಯಲ್ಲಿ ವಸಡಿನ ಹತ್ತಿರ ಹಲ್ಲು ಒಳಬಾಗಿದ ಜಾಗಕ್ಕೆ ಹೋಗಿ ಕೂರಬೇಕು. ಕೂರಿಸುವಾಗ ಕಟ್ ಅಂತ ಸಣ್ಣ ಸದ್ದು ಬರಬೇಕು. ಬರಲಿಲ್ಲವೋ, ಮಗು ನಾಲಿಗೆಯಿಂದಲೇ ತಳ್ಳಿ ಆಡಿಸುತ್ತದೆ. ಸಿಕ್ಕಿಕೊಂಡ ಹಲ್ಲಿನ ಹಿಂದೆ, ಅದನ್ನು ಮುಂದೆ ತಳ್ಳಲು, 0.5 ಮಿಲಿಮೀಟರ್ ತಂತಿಯ ಝಡ್ ಸ್ಪ್ರಿಂಗ್. ಕಚ್ಚಿದರೂ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದಷ್ಟು ದಪ್ಪಕ್ಕೆ ದವಡೆ ಹಲ್ಲುಗಳ ಮೇಲೆ ಅಕ್ರಿಲಿಕ್.

ಊಟ ಮಾಡುವಾಗಲೂ ಹಾಕಿಕೊಂಡಿರಬೇಕು, ಉಜ್ಜುವಾಗ ಮಾತ್ರ ತೆಗೆಯಬೇಕು ಅಂದೆ. ಅಜ್ಜಿಗೆ ಸಿಟ್ಟು ಬಂತು. "ಅನ್ನ ಹೇಗೆ ಉಣ್ಣೋದು ಮಗು?" ಮೂರ್ನಾಲ್ಕು ದಿನ ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ, ಆಮೇಲೆ ನಾಲಿಗೆಗೆ ರೂಢಿಯಾಗುತ್ತದೆ ಅಂತ ಅವರನ್ನೇ ಕೂರಿಸಿ ಹೇಳಿದೆ. ಅವರು ಒಪ್ಪಿದರೆ ಮನೆಯಲ್ಲಿ ಅರ್ಧ ಕೆಲಸ ಆದ ಹಾಗೆ.

ಹಾಕಿಕೊಂಡನೋ ಇಲ್ಲವೋ ತಿಳಿಯಲು ನನ್ನದೊಂದು ದಾರಿ ಇದೆ. ಬೈಯುವುದಿಲ್ಲ. ಸುಮ್ನೆ ಮುಂಬೈ ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಸ್ಟೇಷನ್ ಹೆಸರು ಹೇಳಿಸುತ್ತೇನೆ. ಸಾಯನ್, ಸ್ಯಾಂಡ್‌ಹರ್ಸ್ಟ್ ರೋಡ್, ಮಸ್ಜಿದ್. ಪ್ಲೇಟು ಹಾಕಿಕೊಂಡೇ 'ಸ' ಸಲೀಸಾಗಿ ಬಂದರೆ ದಿನವಿಡೀ ಹಾಕಿದ್ದಾನೆ ಅಂತ ಅರ್ಥ. ಅಂಗುಳದ ಮೇಲೆ ಪ್ಲೇಟಿನ ಅಂಚಿನ ತೆಳು ಗೆರೆ, ಅಕ್ರಿಲಿಕ್ ಮೇಲೆ ಕಚ್ಚಿದ ಹೊಳಪು, ಇವೂ ಸುಳ್ಳು ಹೇಳುವುದಿಲ್ಲ. ಈ ಹುಡುಗನಿಗೆ ಎಲ್ಲ ಗುರುತೂ ಇತ್ತು. ನಾಲ್ಕು ವಾರಕ್ಕೊಮ್ಮೆ ಸ್ಪ್ರಿಂಗನ್ನು ಒಂದೆರಡು ಮಿಲಿಮೀಟರ್ ಬಿಚ್ಚುತ್ತಿದ್ದೆ. ತಿಂಗಳಿಗೆ ಒಂದು ಮಿಲಿಮೀಟರಿನ ಸುಮಾರಿಗೆ ಹಲ್ಲು ಸರಿದರೆ ಸಾಕು, ಅವಸರ ಮಾಡಿ ಜೋರಾಗಿ ತಳ್ಳಿದರೆ ನೋವು ಜಾಸ್ತಿ, ಪ್ಲೇಟೂ ಕಳಚಿ ಬರುತ್ತದೆ. ಮೂರನೇ ಭೇಟಿಯಲ್ಲಿ ಹಲ್ಲು ಮುಂದಕ್ಕೆ ಬಂದಿತ್ತು. ಆಮೇಲೆ ಕೆಳಗಿನ ಹಲ್ಲೇ ಅದನ್ನು ಹಿಂದೆ ಹೋಗದಂತೆ ತಡೆಯಿತು.

ಅದೇ ಧೈರ್ಯದಲ್ಲಿ ನಾನು ತಪ್ಪು ಮಾಡಿದ್ದೂ ಇದೆ. 13 ವರ್ಷದ ಹುಡುಗಿ, ಮೇಲಿನ ಕೋರೆಹಲ್ಲು ತಿರುಚಿಕೊಂಡಿತ್ತು. ಮನೆಯ ಪರಿಸ್ಥಿತಿ ನೋಡಿ, ಪ್ಲೇಟಿನಲ್ಲೇ ಪ್ರಯತ್ನಿಸೋಣ ಅಂದುಬಿಟ್ಟೆ. ನಾಲ್ಕು ತಿಂಗಳು ಅವಳು ಪ್ರಾಮಾಣಿಕವಾಗಿ ಹಾಕಿಕೊಂಡಳು. ಹಲ್ಲು ಹೊರಗೆ ವಾಲಿತು, ತಿರುಚು ಹಾಗೇ ಉಳಿಯಿತು. ಅವಳು ಕನ್ನಡಿ ಹಿಡಿದು, "ಡಾಕ್ಟರ್ ಆಂಟಿ, ನಾನು ಸರಿಯಾಗಿ ಹಾಕ್ಕೊಂಡಿಲ್ವಾ?" ಅಂತ ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ತಪ್ಪು ನಿನ್ನದಲ್ಲ, ನನ್ನದು ಅಂತ ತಾಯಿಯ ಎದುರಿಗೇ ಹೇಳಿದೆ. ಪ್ಲೇಟಿನ ದುಡ್ಡು ವಾಪಸ್ ಕೊಟ್ಟು, ಬ್ರೇಸಸ್ ಹಾಕುವ ತಜ್ಞರ ಹತ್ತಿರ ಕಳಿಸಿದೆ. ಆಮೇಲೆ ಖರ್ಚಿನ ಮುಖ ನೋಡಿ ಯಾರಿಗೂ ಪ್ಲೇಟು ಕೊಟ್ಟಿಲ್ಲ. ಕೆಳದವಡೆಗಂತೂ ಕೊಡುವುದು ತೀರಾ ಅಪರೂಪ. ಅಲ್ಲಿ ನಾಲಿಗೆಗೇ ಜಾಗ ಸಾಲದು, ಮಕ್ಕಳು ಸಹಿಸುವುದಿಲ್ಲ.

ಕೊಟ್ಟವರಿಗೆ ಗಟ್ಟಿ ಡಬ್ಬಿಯನ್ನೂ ಕೊಡುತ್ತೇನೆ. ಹೋಟೆಲಿನಲ್ಲಿ ಟಿಶ್ಯೂ ಪೇಪರಲ್ಲಿ ಸುತ್ತಿಟ್ಟ ಪ್ಲೇಟು ಎಂಜಲು ತಟ್ಟೆಯ ಜೊತೆ ಹೋಗಿಬಿಡುತ್ತದೆ. ತಣ್ಣೀರಲ್ಲೇ ತೊಳೆಯಬೇಕು. ಬಿಸಿನೀರಿಗೆ ಅಕ್ರಿಲಿಕ್ ಸೊಟ್ಟಗಾಗುತ್ತದೆ.

ಆ ಹುಡುಗಿಯ ಬ್ರೇಸಸ್ ಬಿಚ್ಚಿದ ಮೇಲೆ, ಸರಿಹೋದ ಹಲ್ಲು ಮತ್ತೆ ತಿರುಗದಂತೆ ಹಿಡಿದಿಡಲು 'ಹಾಲೀ' (Hawley) ಅನ್ನುವ ಪ್ಲೇಟು ಬೇಕಿತ್ತು. ಅದನ್ನು ನಾನೇ ಮಾಡಿಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಕೂರಿಸಿ, ಸ್ಟೇಷನ್ ಹೆಸರು ಹೇಳಮ್ಮ ಅಂದೆ. ಸಾಯನ್ ಸರಿಯಾಗಿ ಬಂತು. ಮಸ್ಜಿದ್‌ನಲ್ಲಿ ನಾಲಿಗೆ ತೊಡರಿತು. ಮುಂದಿನ ವಾರ ಮತ್ತೆ ಹೇಳಿಸುತ್ತೇನೆ ಅಂತ ಕಳಿಸಿದೆ.