ಹೊಸೂರಿಗೆ ಬಂದ ಕನ್ನಡಿಗರಿಗೆ: ಕ್ರಾಫ್ಟ್ ಬಿಯರ್ ರುಚಿ ನೋಡೋದು ಹೇಗೆ, ಜೊತೆಗೆ ಏನು ತಿನ್ನೋದು

ಹೊಸೂರಿಗೆ ಕೆಲಸಕ್ಕೆ ಬರುವ ನಮ್ಮವರು ಮೊದಲು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮನೆ ಎಲ್ಲಿ ಮಾಡೋದು, ಮಕ್ಕಳಿಗೆ ಕನ್ನಡ ಶಾಲೆ ಸಿಗುತ್ತಾ, ಬೆಂಗಳೂರಿಂದ ರಾತ್ರಿ ಬಸ್ಸು ಎಷ್ಟು ಹೊತ್ತಿನವರೆಗೆ ಇರುತ್ತೆ. ಸ್ವಲ್ಪ ಪರಿಚಯವಾದ ಮೇಲೆ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಡೆಯ ಹುಡುಗ ಹುಡುಗಿಯರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: 'ನೀವೆಲ್ಲ ಬೆಂಗಳೂರಿಗೆ ಬಿಯರ್ ಟೇಸ್ಟಿಂಗ್‌ಗೆ ಹೋಗ್ತೀರಂತೆ, ನಾವೂ ಬರಬಹುದಾ?' ಖಂಡಿತ ಬನ್ನಿ. ಬರುವ ಮೊದಲು ತಿಳಿದಿರಬೇಕಾದ ಒಂದಿಷ್ಟು ವಿಷಯ ಇದೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ವಾಪಸ್ ಬರುವ ದಾರಿ. ನಾವು ಇರುವುದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ. ಇಲ್ಲಿ ಸರ್ಕಾರದ ಮದ್ಯದಂಗಡಿ ಟಾಸ್ಮಾಕ್‌ನಲ್ಲಿ ಬಾಟಲಿ ಬಿಯರ್ ಸಿಗುತ್ತದೆ. ಅಲ್ಲೇ ತಯಾರಿಸಿ, ಟ್ಯಾಂಕಿನಿಂದ ನೇರವಾಗಿ ಗ್ಲಾಸಿಗೆ ಹಾಕಿಕೊಡುವ ತಾಜಾ ಕ್ರಾಫ್ಟ್ ಬಿಯರ್ ಬೇಕೆಂದರೆ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕು. ಹೋಗೋದು ಸುಲಭ. ಕುಡಿದ ಮೇಲೆ ಗಡಿಯ ಅತ್ತಿಬೆಲೆ ದಾಟಿ ಮನೆ ಸೇರುವುದನ್ನು ಹೊರಡುವ ಮೊದಲೇ ಯೋಚಿಸಿಡಬೇಕು. ಬೈಕ್, ಕಾರು ತರಲೇಬೇಡಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯಾಂಶ ಇದ್ದರೆ ತಪ್ಪು. ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ದಂಡ ಹೋದರೆ ಹೋಗಲಿ. ರಾತ್ರಿ ಹೊತ್ತು ಲಾರಿಗಳ ನಡುವೆ ಆ ಹೈವೇಯಲ್ಲಿ ಬೈಕ್ ಓಡಿಸಿದವರಿಗೆ ಅಪಾಯ ಏನೆಂದು ಗೊತ್ತು.

2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ನಮಗೆ ತುಂಬಾ ಅನುಕೂಲವಾಗಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣ. ಹೊಸೂರಿಂದ ಬಸ್ಸಲ್ಲಿ ಬೊಮ್ಮಸಂದ್ರಕ್ಕೆ ಬಂದರೆ, ಮುಂದೆ ಟ್ರಾಫಿಕ್ಕಿನ ಗೊಡವೆಯೇ ಇಲ್ಲ. ಕೋರಮಂಗಲಕ್ಕಾದರೆ ಸಿಲ್ಕ್ ಬೋರ್ಡಿನಲ್ಲಿ ಇಳಿದು ಆಟೋ ಹಿಡಿಯಿರಿ. ಇಂದಿರಾನಗರ, ಎಂ.ಜಿ. ರಸ್ತೆಗಾದರೆ ಆರ್.ವಿ. ರಸ್ತೆಯಲ್ಲಿ ಹಸಿರು ಗಾಡಿಗೆ ಬದಲಾಯಿಸಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಗಾಡಿ. ವಾಪಸ್ ಬರುವಾಗಲೂ ಇದೇ ದಾರಿ. ಕೊನೆಯ ಮೆಟ್ರೋ ಎಷ್ಟು ಗಂಟೆಗೆ ಅಂತ ಅವತ್ತೇ ನೋಡಿಕೊಳ್ಳಿ, ಎರಡು ಕಡೆ ಬದಲಾಯಿಸಲು ಬೇಕಾಗುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾವು ಮಧ್ಯಾಹ್ನವೇ ಹೋಗಿ ಸಂಜೆ ಹೊರಟುಬಿಡುತ್ತೇವೆ. ಮಧ್ಯಾಹ್ನ ಜನ ಕಡಿಮೆ, ಗಲಾಟೆ ಇರಲ್ಲ, ಬಿಯರ್ ತಯಾರಿಸುವವರೇ ಬಂದು ಮಾತಾಡಿಸುವ ಸಾಧ್ಯತೆಯೂ ಜಾಸ್ತಿ.

ಇನ್ನೊಂದು ಮಾತು. ಅಲ್ಲಿಂದ ಬಿಯರ್ ತುಂಬಿಸಿಕೊಂಡು ಗಡಿ ದಾಟಿಸುವ ಯೋಚನೆ ಬೇಡ. ಒಂದು ರಾಜ್ಯದ ಮದ್ಯವನ್ನು ಪರವಾನಗಿ ಇಲ್ಲದೆ ಇನ್ನೊಂದು ರಾಜ್ಯಕ್ಕೆ ತರುವಂತಿಲ್ಲ. ಹೊಸಬರಿಗೆ ಕರ್ನಾಟಕದ ಅತ್ತಿಬೆಲೆಯೂ ತಮಿಳುನಾಡಿನ ಜೂಜುವಾಡಿಯೂ ಒಂದೇ ಊರಿನ ಹಾಗೆ ಕಾಣುತ್ತದೆ. ಅಬಕಾರಿಯವರ ಕಣ್ಣಿಗೆ ಹಾಗಲ್ಲ.

ಬೆಂಗಳೂರಿಗೂ ಬಿಯರಿಗೂ ನಂಟು ಹಳೆಯದು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು (ಬಿಯರ್ ತಯಾರಿಸುವ ಕಡೆಗಳನ್ನು) ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಆ ಐದರಲ್ಲಿ ನೀಲಗಿರಿಯ ಬ್ರೂವರಿಯೂ ಇತ್ತು, ಬೆಂಗಳೂರಿನದೂ ಇತ್ತು. ಆಮೇಲೆ ಎಷ್ಟೋ ದಶಕ ಬಿಯರ್ ಅಂದರೆ ಕಾರ್ಖಾನೆಯ ಬಾಟಲಿ, ಇಲ್ಲಾ ಪಬ್ಬಿನ ಡ್ರಾಫ್ಟ್, ಅಷ್ಟೇ. ಕರ್ನಾಟಕದಲ್ಲಿ ಸಣ್ಣ ಬ್ರೂವರಿಗಳಿಗೆ ಅನುಮತಿ ಸಿಕ್ಕ ಮೇಲೆ 2011ರಲ್ಲಿ ವಿಠಲ್ ಮಲ್ಯ ರಸ್ತೆಯಲ್ಲಿ ಬಿಯರ್ ಕ್ಲಬ್ ಶುರುವಾಯಿತು. ಇಂದಿರಾನಗರದ ಟಾಯ್ಟ್, ಮ್ಯಾಗ್ರತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಒಂದರ ಹಿಂದೆ ಒಂದು ಬಂದವು. ಈಗ ಊರಿನ ಎಲ್ಲಾ ದಿಕ್ಕಿನಲ್ಲೂ ಇವೆ. ಬೆಂಗಳೂರಿನ ಈ ಬೆಳವಣಿಗೆ ಪಕ್ಕದ ಊರಿನಲ್ಲಿದ್ದುಕೊಂಡು ನೋಡಲು ನಮಗೆ ಸಿಕ್ಕಿತು. ಅದು ನಮ್ಮ ಅದೃಷ್ಟ ಅಂತಲೇ ನಾನು ಭಾವಿಸುತ್ತೇನೆ.

ಈಗ ಗ್ಲಾಸಿನ ವಿಷಯಕ್ಕೆ ಬರೋಣ. ಮೊದಲ ಸಲ ಹೋದಾಗ ದೊಡ್ಡ ಮಗ್ ತರಿಸಬೇಡಿ. 'ಸ್ಯಾಂಪ್ಲರ್' ಅಂತ ಕೇಳಿ. ಅವತ್ತು ಟ್ಯಾಪಿನಲ್ಲಿರುವ ಬಿಯರುಗಳನ್ನೆಲ್ಲ ಪುಟ್ಟ ಪುಟ್ಟ ಗ್ಲಾಸಿನಲ್ಲಿ, ಒಂದು ಹಲಗೆ ಮೇಲೆ ಸಾಲಾಗಿ ಜೋಡಿಸಿ ತಂದಿಡುತ್ತಾರೆ. ಇಬ್ಬರು ಮೂವರು ಸೇರಿ ಒಂದು ಹಲಗೆ ತರಿಸಿದರೆ ಸಾಕು. ತಿಳಿ ಬಣ್ಣದ್ದರಿಂದ ಶುರು ಮಾಡಿ ಕಪ್ಪಿನ ಕಡೆಗೆ, ಕಹಿ ಕಡಿಮೆ ಇರುವುದರಿಂದ ಜಾಸ್ತಿ ಇರುವ ಕಡೆಗೆ ಹೋಗಿ. ತಿರುಗಾಮುರುಗಾ ಮಾಡಿದರೆ, ಐಪಿಎ (ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರ್) ಕೊಡುವ ಕಹಿ ನಾಲಿಗೆ ಮೇಲೆ ಕೂತುಬಿಡುತ್ತದೆ, ಆಮೇಲೆ ಗೋಧಿ ಬಿಯರ್ ಬರೀ ನೀರಿನ ಹಾಗೆ ಅನ್ನಿಸುತ್ತದೆ. ಪ್ರತಿ ಗ್ಲಾಸಿನ ನಡುವೆ ಒಂದು ಗುಟುಕು ನೀರು ಕುಡಿಯಿರಿ. ಕುಡಿಯುವ ಮೊದಲು ಮೂಸಿ ನೋಡಿ. ರುಚಿ ಅಂತ ನಾವು ಅಂದುಕೊಳ್ಳುವುದರಲ್ಲಿ ದೊಡ್ಡ ಪಾಲು ಮೂಗಿನ ಕೆಲಸವೇ. ತೀರಾ ತಣ್ಣಗಿದ್ದರೆ ಸ್ವಲ್ಪ ಹೊತ್ತು ಹಾಗೇ ಬಿಡಿ. ಅದರಲ್ಲೂ ಸ್ಟೌಟ್ ಎಂಬ ಕಪ್ಪು ಬಿಯರ್, ಚಳಿ ಬಿಟ್ಟ ಮೇಲೇ ಬಾಯಿ ಬಿಡುವುದು.

ಬಿಯರ್ ಹೇಗಾಗುತ್ತದೆ ಅಂತ ಗೊತ್ತಿದ್ದರೆ ಈ ರುಚಿಗಳನ್ನು ಹಿಡಿಯೋದು ಸುಲಭ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ನಮ್ಮ ಮನೆಗಳಲ್ಲಿ ಮಗುವಿಗೆ ರಾಗಿ ಮಾಲ್ಟ್ ಮಾಡುವುದೂ ಇದೇ ರೀತಿಯಲ್ಲಿ. ಮಾಲ್ಟನ್ನು ಎಷ್ಟು ಹುರಿಯುತ್ತಾರೋ ಅಷ್ಟು ಬಣ್ಣ ಬರುತ್ತದೆ. ಸ್ಟೌಟಿನಲ್ಲಿ ಕಾಫಿ, ಚಾಕೊಲೇಟಿನ ರುಚಿ ಬರುವುದು ಹೀಗೆ ಚೆನ್ನಾಗಿ ಹುರಿದ ಬಾರ್ಲಿಯಿಂದ, ಅದಕ್ಕೆ ಕಾಫಿಪುಡಿ ಹಾಕಲೇಬೇಕು ಅಂತಿಲ್ಲ. ಹಾಗೇ ಜರ್ಮನಿ ಶೈಲಿಯ ಗೋಧಿ ಬಿಯರು ಹೆಫೆವೈಜನ್‌ನಲ್ಲಿ ಬಾಳೆಹಣ್ಣು, ಲವಂಗದ ಘಮ ಇರುತ್ತದೆ. ಎರಡನ್ನೂ ಯಾರೂ ಹಾಕಿರುವುದಿಲ್ಲ, ಯೀಸ್ಟ್ ಹುದುಗುವಾಗ ತಾನೇ ಹುಟ್ಟಿಸುವ ಘಮ ಅದು. ಬೆಲ್ಜಿಯಂ ಶೈಲಿಯ ವಿಟ್‌ಬಿಯರ್ ಬೇರೆ. ಅದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಿಯೂ ಹಾಕುತ್ತಾರೆ. ಐಪಿಎಯ ಕಹಿಗೆ ಹಾಪ್ಸ್ ಎಂಬ ಹೂವು ಕಾರಣ. ಇಂಗ್ಲೆಂಡಿನಿಂದ ತಿಂಗಳುಗಟ್ಟಲೆ ಹಡಗಿನಲ್ಲಿ ಇಂಡಿಯಾಕ್ಕೆ ಬರಬೇಕಿದ್ದ ಬಿಯರು ಕೆಡದಿರಲಿ ಅಂತ ಹಾಪ್ಸ್ ಜಾಸ್ತಿ ಹಾಕುತ್ತಿದ್ದರು, ಹೆಸರಿನಲ್ಲಿ ಇಂಡಿಯಾ ಸೇರಿಕೊಂಡದ್ದು ಹಾಗೆ. ಲಾಗರ್, ಅದರದೇ ಒಂದು ಬಗೆಯಾದ ಪಿಲ್ಸ್ನರ್‌ಗಳು ತಣ್ಣಗಿನ ಟ್ಯಾಂಕಿನಲ್ಲಿ ವಾರಗಟ್ಟಲೆ ಕೂತು ಮಾಗಬೇಕು. ಏಲ್‌ಗಳು (ಐಪಿಎ, ಸ್ಟೌಟ್, ಗೋಧಿ ಬಿಯರ್ ಈ ಬಗೆಯವು) ಬೇಗ ಆಗುತ್ತವೆ. ಟ್ಯಾಂಕ್ ಬೇಗ ಖಾಲಿಯಾಗಲಿ ಅಂತ ಸಣ್ಣ ಬ್ರೂವರಿಗಳು ಏಲ್ ಜಾಸ್ತಿ ಮಾಡುತ್ತವೆ. ಆದ್ದರಿಂದ ಎಲ್ಲಾದರೂ ಒಳ್ಳೆಯ ಪಿಲ್ಸ್ನರ್ ಸಿಕ್ಕರೆ ಆ ಬ್ರೂವರಿಯವರು ತಾಳ್ಮೆಯಿಂದ ಕೆಲಸ ಮಾಡಿದ್ದಾರೆ ಅಂತ ತಿಳಿಯಿರಿ.

ಬಿಯರ್ ಕೆಟ್ಟಿದ್ದರೂ ಗೊತ್ತಾಗಬೇಕು. ಬೆಣ್ಣೆ ಪಾಪ್‌ಕಾರ್ನಿನ ವಾಸನೆ, ಒದ್ದೆ ರಟ್ಟಿನ ವಾಸನೆ, ಹುಳಿ ಬಿಯರ್ ಅಲ್ಲದಿದ್ದರೂ ಹುಳಿ ಬಂದರೆ ಏನೋ ತಪ್ಪಾಗಿದೆ. ಮೆತ್ತಗೆ ಹೇಳಿ, ಬದಲಾಯಿಸಿ ಕೊಡುತ್ತಾರೆ. ಮಬ್ಬಾಗಿದ್ದರೆ ಮಾತ್ರ ಗಾಬರಿ ಬೇಡ. ಗೋಧಿ ಬಿಯರ್ ಸೋಸದೆ ಕೊಡುವುದೇ ಪದ್ಧತಿ.

ಊಟದ ವಿಷಯ ನನಗೆ ಬಿಯರಿಗಿಂತಲೂ ಇಷ್ಟ. ಮೆನುವಿನಲ್ಲಿ ಪಿಜ್ಜಾ, ಬರ್ಗರ್, ಪ್ರೆಟ್ಜೆಲ್ ಕಂಡು ಅದನ್ನೇ ತರಿಸಬೇಕು ಅಂದುಕೊಳ್ಳುತ್ತಾರೆ ಹೊಸಬರು. ನಮ್ಮ ಕಡೆಯ ತಿಂಡಿ, ಸಾರುಗಳ ಜೊತೆ ಈ ಬಿಯರುಗಳು ಇನ್ನೂ ಚೆನ್ನಾಗಿ ಹೊಂದುತ್ತವೆ. ಎಣ್ಣೆಯಲ್ಲಿ ಕರಿದದ್ದಕ್ಕೆ ಪಿಲ್ಸ್ನರ್ ಅಥವಾ ಲಾಗರ್. ಕೋಡುಬಳೆ, ನಿಪ್ಪಟ್ಟು, ಚಿಕನ್ ಕಬಾಬ್ ಯಾವುದಾದರೂ ಸರಿ. ಬಿಯರಿನ ಗುಳ್ಳೆ, ಆ ಸಣ್ಣ ಕಹಿ ಎರಡೂ ಸೇರಿ ಬಾಯಲ್ಲಿನ ಜಿಡ್ಡು ತೊಳೆಯುತ್ತವೆ, ಮುಂದಿನ ತುತ್ತು ಮತ್ತೆ ಹೊಸದಾಗಿರುತ್ತದೆ. ಕಾಂಗ್ರೆಸ್ ಕಡ್ಲೆಕಾಯಿ ಒಂದು ಪೊಟ್ಟಣ ಮನೆಗೆ ಒಯ್ಯಿರಿ, ಬೇಸಿಗೆಯ ಸಂಜೆ ತಣ್ಣಗಿನ ಲಾಗರಿಗೆ ಅದಕ್ಕಿಂತ ಒಳ್ಳೆಯ ಜೊತೆ ನನಗಂತೂ ಗೊತ್ತಿಲ್ಲ.

ತೆಂಗಿನಕಾಯಿ ಹಾಕಿದ ಕರಾವಳಿ ಅಡುಗೆಗೆ ಹೆಫೆವೈಜನ್. ನೀರುದೋಸೆ, ಕೋಳಿ ಸಾರು, ಅಂಜಲ್ ಮೀನಿನ ರವಾ ಫ್ರೈ ಇವಕ್ಕೆಲ್ಲ ಅದರ ಬಾಳೆಹಣ್ಣಿನ ಮೃದು ಸಿಹಿ ಸರಿಹೋಗುತ್ತದೆ. ದೊನ್ನೆ ಬಿರಿಯಾನಿಗೆ ವಿಟ್‌ಬಿಯರ್ ಇಟ್ಟು ನೋಡಿ. ಬಿರಿಯಾನಿಯ ಹಸಿರು ಮಸಾಲೆಯಲ್ಲಿ ಕೊತ್ತಂಬರಿ ಸೊಪ್ಪು, ಪುದೀನ. ಬಿಯರಿನಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ. ಒಂದನ್ನೊಂದು ಎತ್ತಿಹಿಡಿಯುತ್ತವೆ. ನಾನು ಹೊಸಬರಿಗೆ ಮೊದಲು ತೋರಿಸುವ ಜೋಡಿ ಇದು. ಬಿಯರ್ ಅಂದರೆ ಕಹಿ ಅಂದುಕೊಂಡಿದ್ದವರು ಇದರಿಂದ ಮನಸ್ಸು ಬದಲಾಯಿಸಿದ್ದನ್ನು ನೋಡಿದ್ದೇನೆ.

ಖಾರದ ಜೊತೆ ಐಪಿಎ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪಲ್ಲ. ಆಂಧ್ರ ಶೈಲಿಯ ಚಿಲ್ಲಿ ಚಿಕನ್ ತಿಂದು ಐಪಿಎ ಕುಡಿದರೆ ಕಹಿ, ಮದ್ಯ, ಗುಳ್ಳೆ ಮೂರೂ ಸೇರಿ ಉರಿ ಇನ್ನಷ್ಟು ಏರಿಸುತ್ತವೆ. ಖಾರಕ್ಕೆ ಗೋಧಿ ಬಿಯರ್ ಅಥವಾ ಮಾಲ್ಟಿನ ಸಿಹಿ ಇರುವ ಕೆಂಪು ಏಲ್ ಒಳ್ಳೆಯದು. ಐಪಿಎಗೆ ಕೊಬ್ಬು ಬೇಕು: ಮಟನ್ ಚಾಪ್ಸ್, ಚೀಸ್, ಈರುಳ್ಳಿ ಬಜ್ಜಿ. ಸ್ಟೌಟಿಗೆ ಕೊಡಗಿನ ಪಂದಿ ಕರಿ ತಂದುಕೊಳ್ಳಿ. ಕೊಡವರು ಹುಳಿಗೆ ಹಾಕುವ ಕಪ್ಪು ರಸ ಕಾಚಂಪುಳಿಯ ಹುಳಿ, ಹುರಿದ ಮಸಾಲೆಯ ಕಪ್ಪು, ಸ್ಟೌಟಿನ ಹುರಿದ ಬಾರ್ಲಿ, ಮೂರೂ ಒಂದೇ ಮನೆಯವು. ಸಸ್ಯಾಹಾರಿಗಳು ತುಪ್ಪ ಹಾಕಿದ ಬೇಳೆ ಹೋಳಿಗೆ ಜೊತೆ ಸ್ಟೌಟ್ ರುಚಿ ನೋಡಿ. ಮುದ್ದೆ ಮಾತ್ರ ಟೇಸ್ಟಿಂಗ್ ದಿನ ಬೇಡ. ಹೊಟ್ಟೆ ತುಂಬಿಬಿಡುತ್ತದೆ, ಆಮೇಲೆ ಯಾವ ಬಿಯರೂ ರುಚಿಸಲ್ಲ. ಹಾಗಂತ ಖಾಲಿ ಹೊಟ್ಟೆಯಲ್ಲೂ ಬರಬೇಡಿ.

ವರ್ಷದಲ್ಲಿ ಯಾವಾಗ ಏನು ಅಂತ ಗೊತ್ತಿದ್ದರೆ ರಜೆ ಹೊಂದಿಸಬಹುದು. ಏಪ್ರಿಲ್‌ನಿಂದ ಮಾವಿನ ಕಾಲ, ಕೆಲವು ಬ್ರೂವರಿಗಳಲ್ಲಿ ಮಾವಿನ ಬಿಯರ್ ಬರುತ್ತದೆ. ನಮ್ಮ ಕೃಷ್ಣಗಿರಿ ಜಿಲ್ಲೆ ಮಾವಿಗೆ ಹೆಸರುವಾಸಿ, ತೋತಾಪುರಿ ಮಾವಿನ ಹೋಳುಗಳಿಗೆ ಉಪ್ಪು ಖಾರ ಹಚ್ಚಿ ಗೋಧಿ ಬಿಯರ್ ಜೊತೆ ತಿನ್ನುವುದನ್ನೂ ಮರೆಯಬೇಡಿ. ಆಗಸ್ಟಿನ ಮೊದಲ ಗುರುವಾರ ಐಪಿಎ ದಿನ, ಮೊದಲ ಶುಕ್ರವಾರ ಬಿಯರ್ ದಿನ, ನವೆಂಬರಿನ ಮೊದಲ ಗುರುವಾರ ಸ್ಟೌಟ್ ದಿನ. ಈ ದಿನಗಳಲ್ಲಿ ಹೊಸ ಬಿಯರ್ ಬಿಡುಗಡೆ, ಬ್ರೂವರ್ ಜೊತೆ ಟೇಸ್ಟಿಂಗ್, ಊಟದ ಜೋಡಿಯ ಕಾರ್ಯಕ್ರಮಗಳು ಜಾಸ್ತಿ. ಸೆಪ್ಟೆಂಬರ್ ಕೊನೆಗೆ ಆಕ್ಟೋಬರ್‌ಫೆಸ್ಟ್. 1810ರಲ್ಲಿ ಮ್ಯೂನಿಕ್‌ನಲ್ಲಿ ಶುರುವಾದ ಹಬ್ಬದ ನೆಪದಲ್ಲಿ ಇಲ್ಲೂ ಮೆರ್ಟ್ಸನ್ ಎಂಬ ಹೊಂಬಣ್ಣದ ಲಾಗರ್ ಸಿಗುತ್ತದೆ. ಅದೇ ಹೊತ್ತಿಗೆ ಅಕ್ಟೋಬರ್ 2 ಬರುತ್ತದೆ, ಅವತ್ತು ಎರಡೂ ರಾಜ್ಯದಲ್ಲಿ ಮದ್ಯ ಮಾರಾಟ ಬಂದ್. ಚುನಾವಣೆಯಿದ್ದರೆ ಮತದಾನ ಮುಗಿಯುವ 48 ಗಂಟೆ ಮುಂಚಿನಿಂದ ಮದ್ಯ ಮಾರುವಂತಿಲ್ಲ. ನಮ್ಮಲ್ಲಿ ಚುನಾವಣೆ ಇಲ್ಲದಿದ್ದರೂ ಬೆಂಗಳೂರಿನಲ್ಲಿ ಇರಬಹುದು, ಹೊರಡುವ ಮೊದಲು ವಿಚಾರಿಸಿ.

ನಮ್ಮ ಜೊತೆ ಬರುವವರಿಗೆ ಒಂದೆರಡು ಮಾತು. 21 ತುಂಬಿರಬೇಕು, ಗುರುತಿನ ಚೀಟಿ ಇರಲಿ. ಕುಡಿಯದವರೂ ಬನ್ನಿ. ಬರೀ ಊಟಕ್ಕೆ, ಹರಟೆಗೆ ಬರುವ ಅಕ್ಕಂದಿರು, ಅಣ್ಣಂದಿರು ನಮ್ಮಲ್ಲಿದ್ದಾರೆ. ಯಾರಿಗೂ 'ಒಂದು ಗ್ಲಾಸ್ ತಗೊಳ್ರೀ, ಏನಾಗಲ್ಲ' ಅಂತ ಒತ್ತಾಯ ಮಾಡೋ ಹಾಗಿಲ್ಲ, ಮಾಡಿದವರನ್ನು ಮುಂದಿನ ಸಲ ಕರೆಯುವುದಿಲ್ಲ. ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಕೊಂಡೇ ಬನ್ನಿ. ಶೇಕಡಾ 5 ಮದ್ಯಾಂಶದ ಬಿಯರ್ 500 ಮಿಲಿಲೀಟರ್ ಕುಡಿದರೆ ಸುಮಾರು 20 ಗ್ರಾಂ ಮದ್ಯ ಹೊಟ್ಟೆಗೆ ಹೋಗುತ್ತದೆ, ಅದನ್ನು ಕರಗಿಸಲು ಲಿವರಿಗೆ ಎರಡು ಗಂಟೆಗೂ ಜಾಸ್ತಿ ಬೇಕು. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ಹೊತ್ತನ್ನು ಕಡಿಮೆ ಮಾಡಲ್ಲ. ಹಾಗಾಗಿ ಸ್ಯಾಂಪ್ಲರ್ ಆದ ಮೇಲೆ ನಿಮಗೆ ಇಷ್ಟವಾದದ್ದು ಒಂದು ಗ್ಲಾಸ್, ಅಷ್ಟಕ್ಕೆ ನಿಲ್ಲಿಸುವುದು ನಮ್ಮ ಗುಂಪಿನ ರೂಢಿ.

ದುಡ್ಡಿನ ಲೆಕ್ಕ ಅಲ್ಲೇ ಹಂಚಿಕೊಂಡುಬಿಡುತ್ತೇವೆ, ಕುಡಿಯದವರು ಊಟದ ಪಾಲು ಮಾತ್ರ ಕೊಡುತ್ತಾರೆ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಅದು ಕಡ್ಡಾಯವಲ್ಲ, ಬೇಡ ಅಂದರೆ ತೆಗೆಯಬೇಕು. ಬಡಿಸಿದ ಹುಡುಗರಿಗೆ ಕೈಯಾರೆ ಟಿಪ್ಸ್ ಕೊಡಿ. ಅವರಲ್ಲಿ ಎಷ್ಟೋ ಜನ ನಮ್ಮ ಹಾಗೇ ಬೇರೆ ಊರಿಂದ ಕೆಲಸಕ್ಕೆ ಬಂದವರು, ಯಾವ ಬಿಯರ್ ಇವತ್ತು ಚೆನ್ನಾಗಿದೆ ಅಂತ ಅವರಿಗೇ ಸರಿಯಾಗಿ ಗೊತ್ತಿರುತ್ತದೆ. ಮೊದಲ ಸಲಕ್ಕೆ ಕೋರಮಂಗಲ ಕಡೆಯದನ್ನೇ ಆರಿಸಿಕೊಳ್ಳಿ, ಒಂದೇ ಮೆಟ್ರೋದಲ್ಲಿ ವಾಪಸ್ ಬರಬಹುದು. ಇಂದಿರಾನಗರಕ್ಕೆ ದಾರಿ ಅಭ್ಯಾಸವಾದ ಮೇಲೆ ಹೋದರಾಯಿತು. ಬೊಮ್ಮಸಂದ್ರದಲ್ಲಿ ಇಳಿದು ಬಸ್ಸಿಗೆ ಕಾಯುವಾಗ ಜೊತೆಯಲ್ಲಿ ಬಂದವರೆಲ್ಲ ಇದ್ದಾರಾ ಅಂತ ಒಮ್ಮೆ ಎಣಿಸಿಕೊಳ್ಳಿ, ಒಂಟಿಯಾಗಿ ಯಾರನ್ನೂ ಬಿಟ್ಟು ಬರಬೇಡಿ.