ಮನೆಗೊಂದು ಬ್ಯಾಂಡ್ ಸಾ: ಮೊದಲು ಮರ ಅಳೆಯಿರಿ, ಆಮೇಲೆ ಯಂತ್ರ

ಮಲೆನಾಡಿನಲ್ಲಿ ಹಳೇ ಹಂಚಿನ ಮನೆ ಬಿಚ್ಚಿದರೆ ಮರ ಬೇಕಾದಷ್ಟು ಉಳಿಯುತ್ತದೆ. ತೊಲೆ, ಜಂತಿ, ಪಕಾಸು, ಬಾಗಿಲ ಚೌಕಟ್ಟು. ಹಲಸು, ಹೊನ್ನೆ, ಮತ್ತಿ. ಎಷ್ಟೋ ವರ್ಷ ಒಲೆಯ ಹೊಗೆ ಕುಡಿದು ಒಣಗಿದ್ದು. ಸೌದೆಗೆ ಹಾಕಲು ಮನಸ್ಸು ಬರುವುದಿಲ್ಲ, ಕೈಗರಗಸಕ್ಕೆ ಅದು ಬಗ್ಗುವುದೂ ಇಲ್ಲ. ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಹವ್ಯಾಸಕ್ಕೆ ಮರಗೆಲಸ ಮಾಡುವವರು ಬ್ಯಾಂಡ್ ಸಾ ಬೆಲೆ ವಿಚಾರಿಸಲು ಹೊರಡುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ.

ಯಂತ್ರ ಸರಳ. ಮೇಲೊಂದು ಚಕ್ರ, ಕೆಳಗೊಂದು ಚಕ್ರ. ಹಿಟ್ಟಿನ ಗಿರಣಿಯ ಬೆಲ್ಟ್‌ನಂತೆ ಅವುಗಳ ಸುತ್ತ ಹಲ್ಲಿರುವ ಉಕ್ಕಿನ ಪಟ್ಟಿ ಓಡುತ್ತದೆ. ಹಲ್ಲು ಯಾವಾಗಲೂ ಕೆಳಮುಖವಾಗಿ ಕೊಯ್ಯುವುದರಿಂದ ಮರ ಟೇಬಲ್‌ಗೆ ಒತ್ತಿಕೊಳ್ಳುತ್ತದೆ. ಮೇಜಿನಿಂದ ದುಂಡು ಬ್ಲೇಡ್ ಮೇಲೆದ್ದಿರುವ ಟೇಬಲ್ ಸಾ ತರಹ ಹಲಗೆಯನ್ನು ನಿಮ್ಮ ಹೊಟ್ಟೆಗೆ ವಾಪಸ್ ಎಸೆಯುವುದಿಲ್ಲ. ಬ್ಲೇಡ್ ತೆಳ್ಳಗಿರುವುದರಿಂದ ಹೊಟ್ಟಾಗಿ ಹೋಗುವ ಮರವೂ ಕಡಿಮೆ. ನೇರವಾಗಿ ಸೀಳಬಹುದು, ಬೇಕಾದ ಹಾಗೆ ತಿರುವಿಯೂ ಕೊಯ್ಯಬಹುದು.

ಅಂಗಡಿಗೆ ಮುಂಚೆ ಅರಣ್ಯ ಕಚೇರಿ

ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಮರ ಸೀಳುವ ಯಂತ್ರಗಳಿಗೆ ಅರಣ್ಯ ಇಲಾಖೆಯ ಪರವಾನಗಿ ನಿಯಮಗಳಿವೆ. 1996ರ ಡಿಸೆಂಬರ್ 12ರಂದು ಕಾಡು ಉಳಿಸುವ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ಸಾ ಮಿಲ್‌ಗಳ ಮೇಲಿನ ಹಿಡಿತ ಇನ್ನಷ್ಟು ಬಿಗಿಯಾಯಿತು. ಮನೆಯ ಮೂಲೆಯ ಪುಟ್ಟ ಯಂತ್ರ ಸಾ ಮಿಲ್ ಅಲ್ಲ ಅಂತ ನೀವು ಅಂದುಕೊಂಡರೆ ಸಾಲದು, ಅಧಿಕಾರಿಯೂ ಹಾಗೇ ಅಂದುಕೊಳ್ಳಬೇಕು ಅಲ್ವಾ? ನಿಮ್ಮ ವಲಯ ಅರಣ್ಯ ಕಚೇರಿಗೆ ಹೋಗಿ, ಯಂತ್ರದ ಅಳತೆ ಮತ್ತು ಉದ್ದೇಶ ಬರೆದು ಅರ್ಜಿ ಕೊಡಿ. ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಮರ ಕೊಂಡ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಬೀಟೆ, ಶ್ರೀಗಂಧದ ತುಂಡನ್ನಂತೂ ಕಾಗದವಿಲ್ಲದೆ ಯಂತ್ರದ ಹತ್ತಿರವೂ ತರಬೇಡಿ.

ಎಷ್ಟು ದಪ್ಪದ ಮರ?

8 ಇಂಚು, 10 ಇಂಚು, 14 ಇಂಚು ಎಂದು ಅಂಗಡಿಯಲ್ಲಿ ಹೇಳುವುದು ಹೆಚ್ಚುಕಡಿಮೆ ಚಕ್ರದ ವ್ಯಾಸ. ಬ್ಲೇಡಿನಿಂದ ಯಂತ್ರದ ಕಂಬದವರೆಗೆ ಎಷ್ಟು ಜಾಗ ಸಿಗುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ನಿಮಗೆ ಬೇಕಾದ ಅಳತೆ ಬೇರೆ: ಟೇಬಲ್‌ನಿಂದ ಮೇಲಿನ ಗೈಡ್‌ವರೆಗಿನ (ಬ್ಲೇಡ್ ಅತ್ತಿತ್ತ ಸರಿಯದಂತೆ ಹಿಡಿಯುವ ಭಾಗ) ಎತ್ತರ. ಅದಕ್ಕಿಂತ ದಪ್ಪದ ಮರ ಒಳಗೆ ಹೋಗುವುದೇ ಇಲ್ಲ. 8 ಇಂಚಿನ ಯಂತ್ರದಲ್ಲಿ ಇದು ಸುಮಾರು 80 ಮಿ.ಮೀ., 10 ಇಂಚಿನದರಲ್ಲಿ 100 ಮಿ.ಮೀ. ಆಸುಪಾಸು. 12–14 ಇಂಚಿಗೆ ಹೋದರೆ 150 ಮಿ.ಮೀ., ಅಂದರೆ ಆರು ಇಂಚು ಸಿಗುತ್ತದೆ.

ಹಾಗಾಗಿ ಟೇಪು ಹಿಡಿದು ಮೊದಲು ಅಟ್ಟಕ್ಕೆ ಹತ್ತಿ. ಆರಿಂಚಿನ ತೊಲೆಯನ್ನು ಅರ್ಧ ಇಂಚಿನ ಹಲಗೆಗಳಾಗಿ ಸೀಳುವುದು ನಿಮ್ಮ ಆಸೆಯಾದರೆ 8 ಇಂಚಿನ ಯಂತ್ರ ಎಷ್ಟು ಅಗ್ಗಕ್ಕೆ ಸಿಕ್ಕರೂ ದಂಡ. ಆಟಿಕೆ, ಪೆಟ್ಟಿಗೆ, ಫೋಟೋ ಚೌಕಟ್ಟು, ಮಣೆಯ ಕಾಲು ಇಷ್ಟೇ ಸಾಕು ಅನ್ನುವವರಿಗೆ ಅದೇ ಧಾರಾಳ. ನನ್ನ ಮಟ್ಟಿಗೆ, ಇಕ್ಕಟ್ಟಿನ ಬಜೆಟ್‌ನಲ್ಲಿ ಹೆಚ್ಚಿನವರಿಗೆ ಹೊಂದುವುದು 10 ಇಂಚಿನದು. ದಪ್ಪ ತೊಲೆಗಳನ್ನು ಒಂದು ಸಲ ಸಾ ಮಿಲ್‌ಗೆ ಒಯ್ದು ಮೂರು ಇಂಚಿಗೆ ಸೀಳಿಸಿ ತನ್ನಿ, ಮುಂದಿನದನ್ನು ಮನೆಯಲ್ಲಿ ನೋಡಿಕೊಳ್ಳಿ. ಮೊಳೆ ಇರುವ ಹಳೇ ಮರ ಕಂಡರೆ ಮಿಲ್ಲಿನವರು ಮುಖ ಸಿಂಡರಿಸುತ್ತಾರೆ. ಕಿತ್ತುಕೊಂಡೇ ಹೋಗಿ.

ವರ್ಷಕ್ಕೊಮ್ಮೆ ನಾಲ್ಕು ಹಲಗೆ ಸೀಳುವ ಕೆಲಸ ಮಾತ್ರ ಇದ್ದರೆ ಯಂತ್ರವೇ ಬೇಡ. ಸೀಳು ಕೂಲಿ ಕೊಟ್ಟು ಆರಾಮಾಗಿರಿ.

ಮೋಟರು ಮತ್ತು ನಮ್ಮ ಕರೆಂಟು

ಒಂದು ಎಚ್‌ಪಿ ಅಂದರೆ 746 ವ್ಯಾಟ್. ಚಿಕ್ಕ ಕೆಲಸಕ್ಕೆ ಅರ್ಧ ಎಚ್‌ಪಿ ಸಾಕು. ನಾಲ್ಕಿಂಚಿನ ಮತ್ತಿ, ಹೊನ್ನೆ ಸೀಳಲು ಒಂದಾದರೂ ಬೇಕು. ಬ್ರಷ್ ಇರುವ ಮೋಟರಿಗಿಂತ ಇಂಡಕ್ಷನ್ ಮೋಟರ್ ಒಳ್ಳೆಯದು. ಸದ್ದು ಕಡಿಮೆ, ಬಾಳಿಕೆ ಜಾಸ್ತಿ. ಮನೆಯ ಸಂಪರ್ಕಕ್ಕೆ ಸಿಂಗಲ್ ಫೇಸ್ ಮೋಟರನ್ನೇ ಕೇಳಿ. ಅಗ್ಗಕ್ಕೆ ಸಿಗುವ ಕಾರ್ಖಾನೆಯ ಹಳೇ ಯಂತ್ರಗಳಲ್ಲಿ ಹೆಚ್ಚಿನವು ತ್ರೀ ಫೇಸ್ ಇರುತ್ತವೆ. ಪಂಪ್‌ಸೆಟ್ ಲೈನಿನಿಂದ ಎಳೆದುಕೊಳ್ಳುವ ಉಪಾಯ ಬೇಡ, ಅದು ನೀರೆತ್ತಲು ಕೊಟ್ಟ ಸಂಪರ್ಕ.

ಇಂಡಕ್ಷನ್ ಮೋಟರು ಶುರುವಾಗುವ ಕ್ಷಣ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಮನೆಯಿಂದ ದೂರದ ಅಡಿಕೆ ಶೆಡ್ಡಿಗೆ ತೆಳು ವೈರಿನಲ್ಲಿ ಲೈನ್ ಎಳೆದಿದ್ದರೆ ವೋಲ್ಟೇಜ್ ಅಲ್ಲೇ ಕುಸಿಯುತ್ತದೆ. ಮೋಟರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ, ಬಿಸಿಯಾಗಿ ಸುಡುತ್ತದೆ. 2.5 ಚದರ ಮಿ.ಮೀ. ತಾಮ್ರದ ವೈರು, 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗ್ ಹಾಕಿಸಿ. ದೂರ ಜಾಸ್ತಿಯಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಇನ್ನೂ ದಪ್ಪ ವೈರು ಕೇಳಿ. ಮಳೆಗಾಲದಲ್ಲಿ ಮೆಸ್ಕಾಂ ಲೈನ್ ಹೋದಾಗ ಮನೆಯ ಇನ್ವರ್ಟರ್‌ನಲ್ಲಿ ಓಡಿಸೋಣ ಅನ್ನುವ ಆಸೆ ಬಿಟ್ಟುಬಿಡಿ.

ಅಂಗಡಿಯಲ್ಲಿ ಏನು ನೋಡಬೇಕು

ಪ್ಲಗ್ ಹಾಕುವ ಮುಂಚೆ ಬಾಗಿಲು ತೆಗೆಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಪಕ್ಕಕ್ಕೆ ಓಲಾಡಬಾರದು, ಬೇರಿಂಗ್ ಕರಕರ ಅನ್ನಬಾರದು. ಚಕ್ರದ ಮೇಲಿನ ರಬ್ಬರ್ ಪಟ್ಟಿ ಬಿರುಕು ಬಿಟ್ಟಿದೆಯೇ ನೋಡಿ. ಬ್ಲೇಡ್ ಚಕ್ರದ ನಡುವಿನಲ್ಲೇ ಓಡಬೇಕು. ಮೇಲಿನ ಚಕ್ರವನ್ನು ಸ್ವಲ್ಪ ವಾಲಿಸುವ ತಿರುಪಿನಿಂದ ಅದನ್ನು ಸರಿಪಡಿಸಲು ಬರಬೇಕು. ಬ್ಲೇಡಿಗೂ ಟೇಬಲ್‌ಗೂ ಟ್ರೈ ಸ್ಕ್ವೇರ್ (ಮೂಲೆಮಟ್ಟ) ಹಿಡಿದು 90 ಡಿಗ್ರಿ ಇದೆಯಾ ಅಂತ ಪರೀಕ್ಷಿಸಿ. ಮೇಲಿನ ಗೈಡನ್ನು ಪೂರ್ತಿ ಕೆಳಗಿಳಿಸಿ, ಪೂರ್ತಿ ಮೇಲೇರಿಸಿ. ಅಗ್ಗದ ಯಂತ್ರಗಳ ಗುಟ್ಟು ಹೊರಬೀಳುವುದು ಇಲ್ಲೇ: ಏರಿಸಿದಾಗ ಗೈಡ್ ಪಕ್ಕಕ್ಕೆ ಸರಿದುಹೋಗುತ್ತದೆ.

ಆಮೇಲೆ ಚಾಲೂ ಮಾಡಿಸಿ, ಟೇಬಲ್ ಮೇಲೆ ಬ್ಲೇಡಿನಿಂದ ದೂರದಲ್ಲಿ ಐದು ರೂಪಾಯಿ ನಾಣ್ಯ ನಿಲ್ಲಿಸಿ. ಬೀಳದೆ ನಿಂತರೆ ನಡುಕ ಕಡಿಮೆ. ಬಿದ್ದ ಮಾತ್ರಕ್ಕೆ ಯಂತ್ರ ಕೆಟ್ಟದ್ದಲ್ಲ, ಸ್ಟ್ಯಾಂಡ್ ಸಡಿಲ ಇದ್ದರೂ ಬೀಳುತ್ತದೆ. ಇವೆಲ್ಲ ಬೇಕು ಅಂತಲೇ ಆನ್‌ಲೈನ್‌ಗಿಂತ ಕಣ್ಣಾರೆ ನೋಡಿ ಕೊಳ್ಳುವುದು ವಾಸಿ. ಕೊಟೇಶನ್ ತೆಗೆದುಕೊಳ್ಳುವಾಗ ಜಿಎಸ್‌ಟಿ, ಸಾಗಣೆ ಸೇರಿದೆಯಾ ಅಂತಲೂ ಕೇಳಿ.

ಸೆಕೆಂಡ್ ಹ್ಯಾಂಡ್ ಆದರೆ ಹೆದರಬೇಕಿಲ್ಲ. ಬೇರಿಂಗ್, ಬುಷ್, ಶಾಫ್ಟ್ ಕೆಲಸಕ್ಕೆ ಶಿವಮೊಗ್ಗ, ಭದ್ರಾವತಿಯಲ್ಲಿ ಲೇತ್ ಕೆಲಸದವರಿಗೆ ಬರವಿಲ್ಲ. ಚಕ್ರವೋ ಚೌಕಟ್ಟೋ ಬಿರುಕು ಬಿಟ್ಟಿದ್ದರೆ ಮಾತ್ರ ಮುಟ್ಟಬೇಡಿ. ಕೈಪಿಡಿ ಇಲ್ಲದಿದ್ದರೆ ಬ್ಲೇಡಿನ ಉದ್ದವನ್ನು ನೀವೇ ಲೆಕ್ಕ ಹಾಕಬಹುದು: ಒಂದು ಚಕ್ರದ ಸುತ್ತಳತೆಗೆ ಎರಡು ಚಕ್ರಗಳ ನಡುಬಿಂದುಗಳ ಅಂತರದ ಎರಡರಷ್ಟು ಸೇರಿಸಿ. 14 ಇಂಚಿನ ಚಕ್ರದ ಸುತ್ತಳತೆ 44 ಇಂಚು, ಅಂತರ 24¾ ಇದ್ದರೆ ಅದರ ಎರಡರಷ್ಟು 49½. ಒಟ್ಟು 93½ ಇಂಚು. ಬಿಗಿ ಮಾಡುವ ತಿರುಪು ಅರ್ಧಕ್ಕೆ ಇರುವಾಗ ಅಳೆಯಿರಿ. ಆ ಉದ್ದದ ಬ್ಲೇಡ್ ಸುಲಭವಾಗಿ ಸಿಗುತ್ತದೆಯೇ ಎಂದು ವಿಚಾರಿಸಿ, ಆಮೇಲೆ ಮುಂಗಡ ಕೊಡಿ.

ಬ್ಲೇಡಿಗೆ ಹಣ ಎತ್ತಿಡಿ

ಕೈಯಲ್ಲಿರುವ ದುಡ್ಡನ್ನೆಲ್ಲ ಯಂತ್ರಕ್ಕೇ ಸುರಿಯಬೇಡಿ, ಐದರಲ್ಲಿ ಒಂದು ಪಾಲು ಬ್ಲೇಡಿಗೆ ಇರಲಿ. ಯಂತ್ರದ ಜೊತೆ ಬರುವ ಬ್ಲೇಡ್ ಸಾಮಾನ್ಯವಾಗಿ ಸುಮಾರಾಗಿರುತ್ತದೆ. ಸಾಧಾರಣ ಯಂತ್ರಕ್ಕೆ ಒಳ್ಳೆ ಬ್ಲೇಡ್ ಹಾಕಿದರೆ ಕೆಲಸ ಚೆನ್ನಾಗಿ ಬರುತ್ತದೆ, ದುಬಾರಿ ಯಂತ್ರಕ್ಕೆ ಮೊಂಡು ಬ್ಲೇಡ್ ಹಾಕಿದರೆ ಬರುವುದಿಲ್ಲ.

ಅಗಲ ನೋಡಿ. ಅರ್ಧ ಇಂಚಿನ ಬ್ಲೇಡ್ ನೇರ ಸೀಳಿಗೆ. ಕಾಲಿಂಚಿನದು ತಿರುವಿಗೆ, ಸುಮಾರು 16 ಮಿ.ಮೀ. ತ್ರಿಜ್ಯದವರೆಗೂ ತಿರುಗುತ್ತದೆ. ಹಲ್ಲಿನ ಲೆಕ್ಕವೂ ಮುಖ್ಯ. ಕನಿಷ್ಠ ಮೂರು ಹಲ್ಲು ಸದಾ ಮರದೊಳಗೆ ಇರಬೇಕು. ಅರ್ಧ ಇಂಚಿನ ಹಲಗೆಗೆ ಇಂಚಿಗೆ ಆರು ಹಲ್ಲಿನದು ಸರಿ. ಆರಿಂಚಿನ ತೊಲೆಗೆ ಇಂಚಿಗೆ ಮೂರು ಹಲ್ಲು ಸಾಕು. ಅಲ್ಲಿ 14 ಹಲ್ಲಿನದು ಹಾಕಿದರೆ 84 ಹಲ್ಲು ಒಟ್ಟಿಗೆ ಮರದಲ್ಲಿ ಸಿಕ್ಕಿಕೊಂಡು, ಹೊಟ್ಟು ಹೊರಬರಲು ಜಾಗವಿಲ್ಲದೆ ಮರ ಕಪ್ಪಗೆ ಸುಡುತ್ತದೆ. ಚಿಕ್ಕ ಚಕ್ರಕ್ಕೆ ದಪ್ಪ ತಗಡಿನ ಬ್ಲೇಡ್ ಹಾಕಿದರೆ ಬಗ್ಗಿ ಬಗ್ಗಿ ಬೇಗ ಬಿರುಕು ಬಿಡುತ್ತದೆ.

ಹಳೇ ಮರವನ್ನು ಸೀಳುವ ಮುಂಚೆ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಒಂದೇ ಮೊಳೆ ಹೊಸ ಬ್ಲೇಡಿನ ಹಲ್ಲನ್ನೆಲ್ಲ ತಿಂದುಹಾಕುತ್ತದೆ. ಅಡಿಕೆ ದಬ್ಬೆ ಕೊಯ್ಯಲು ಹಳೇ ಬ್ಲೇಡನ್ನೇ ಬಳಸಿ. ಅಡಿಕೆಯಂಥ ತಾಳೆ ಜಾತಿಯ ಮರಗಳಲ್ಲಿ ಸಿಲಿಕಾ ಕಣಗಳಿರುತ್ತವೆ, ಹಲ್ಲು ಬೇಗ ಮೊಂಡಾಗುತ್ತದೆ.

ಓಡಿಸುವಾಗ

ಮೇಲಿನ ಗೈಡ್ ಮರಕ್ಕಿಂತ ಆರು ಮಿ.ಮೀ. ಮಾತ್ರ ಮೇಲಿರಲಿ. ಹೆಗಲ ಮೇಲಿನ ಟವೆಲ್, ಕೈಗವಸು ತೆಗೆದಿಡಿ. ತುದಿಯಲ್ಲಿ ಮರವನ್ನು ಕೋಲಿನಿಂದ ತಳ್ಳಿ. ದುಂಡು ಕೊಂಬೆ, ಬಿದಿರನ್ನು ಬರಿಗೈಯಲ್ಲಿ ಹಿಡಿದು ಕೊಯ್ಯಲೇಬೇಡಿ. ಬ್ಲೇಡ್ ಸಿಕ್ಕ ಕ್ಷಣ ಅದು ಉರುಳಿ ಬೆರಳನ್ನೂ ಎಳೆದುಕೊಳ್ಳುತ್ತದೆ. V ಆಕಾರದ ಕಟ್ಟೆ ಮಾಡಿ ಅದರಲ್ಲಿ ಕೂರಿಸಿ, ಬಿಗಿದು ಕೊಯ್ಯಿರಿ. ಮರದ ಹೊಟ್ಟು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಹಾಕಿ.

ನಮ್ಮ ಕಡೆ ಜೂನ್‌ನಿಂದ ಬೀಡು ಕಬ್ಬಿಣದ ಟೇಬಲ್ ಮೇಲೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಕಾಣುತ್ತದೆ. ಮೇಣ ತಿಕ್ಕಿಡಿ. ವಾರಗಟ್ಟಲೆ ಕೆಲಸ ಇಲ್ಲದಿದ್ದರೆ ಬ್ಲೇಡಿನ ಬಿಗಿ ಸಡಿಲಿಸಿ, ಬಿಚ್ಚಿ, ಎಣ್ಣೆ ಒರೆಸಿ ಒಣ ಜಾಗದಲ್ಲಿ ನೇತುಹಾಕಿ. ಚಕ್ರದ ರಬ್ಬರಿಗೆ ಅಂಟಿದ ಒದ್ದೆ ಹೊಟ್ಟನ್ನು ಬ್ರಷ್‌ನಿಂದ ಕೆರೆಯಿರಿ. ಅದು ಗಟ್ಟಿಯಾದರೆ ಮುಂದಿನ ಸಲ ಬ್ಲೇಡ್ ನಡುವಿನಲ್ಲಿ ನಿಲ್ಲದೆ ಪಕ್ಕಕ್ಕೆ ಜಾರುತ್ತದೆ.